ಏಳು ವಾಕ್ಯದ ಒಂದು ಅರ್ಜಿ: ಇಂಗ್ಲಿಷಿನ ತಪ್ಪು ತಿದ್ದುವುದು ಸರಿ, ‘ಏಕೆ ತಪ್ಪು’ ಎಂದು ಹೇಗೆ ಹೇಳುವುದು?

ಡೊಂಬಿವಲಿ ನಿವಾಸಿ (ಚರ್ಚೆ ಆರಂಭಿಸಿದವರು)

ಹೋಟೆಲುಗಳಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತಿಸುವವರೆಗೆ ಎರಡು ಗಂಟೆ ಬಿಡುವಿರುತ್ತದೆ. ಆ ಹೊತ್ತಿನಲ್ಲಿ ವಾರಕ್ಕೊಮ್ಮೆ ನಾಲ್ಕೈದು ಹುಡುಗರು ನಮ್ಮ ಮನೆಗೆ ಇಂಗ್ಲಿಷ್ ಕಲಿಯಲು ಬರುತ್ತಾರೆ. ಹೆಚ್ಚಿನವರು ಕುಂದಾಪುರ, ಬೈಂದೂರು ಕಡೆಯವರು. ಕಳೆದ ವಾರ ಅವರಲ್ಲೊಬ್ಬ ಬೇರೆ ಹೋಟೆಲಿನ ಕ್ಯಾಶ್ ಕೌಂಟರ್ ಕೆಲಸಕ್ಕೆ ತಾನೇ ಬರೆದ ಅರ್ಜಿಯನ್ನು ತಂದ. ಯಾರಿಂದಲೂ ನಕಲು ಮಾಡಿದ್ದಲ್ಲ. ಗಟ್ಟಿಯಾಗಿ ಓದಿಸಿದೆ. ಅದು ಹೀಗಿತ್ತು:

“ಐ ಆ್ಯಮ್ ವರ್ಕಿಂಗ್ ಇನ್ ದಿಸ್ ಹೋಟೆಲ್ ಸಿನ್ಸ್ ಫೋರ್ ಇಯರ್ಸ್. ಐ ಆ್ಯಮ್ ಹ್ಯಾವಿಂಗ್ ಗುಡ್ ಎಕ್ಸ್‌ಪೀರಿಯನ್ಸ್ ಆಫ್ ಕ್ಯಾಶ್ ಕೌಂಟರ್. ಲಾಸ್ಟ್ ಇಯರ್ ಐ ಡಿಡ್ ನಾಟ್ ಟುಕ್ ಎನಿ ಲೀವ್. ಒನ್ ಆಫ್ ಮೈ ಫ್ರೆಂಡ್ ಆರ್ ವರ್ಕಿಂಗ್ ಇನ್ ಯುವರ್ ಪುಣೆ ಬ್ರಾಂಚ್. ಹಿ ಟೋಲ್ಡ್ ಮಿ ಟು ಆಸ್ಕ್ ವಾಟ್ ಈಸ್ ದ ಸ್ಯಾಲರಿ. ವರ್ಕಿಂಗ್ ಇನ್ ನೈಟ್ ಶಿಫ್ಟ್, ಮೈ ಸ್ಟಡೀಸ್ ಆಲ್ಸೋ ಆರ್ ಕಂಪ್ಲೀಟೆಡ್. ಐ ವಾಂಟ್ ಟು ಡಿಸ್ಕಸ್ ಅಬೌಟ್ ದಿಸ್ ವಿತ್ ಯೂ.”

ಏಳಕ್ಕೆ ಏಳೂ ವಾಕ್ಯಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟೆ. ಅವನು ಕಾಗದವನ್ನು ಮಡಚಲಿಲ್ಲ. ಒಂದೊಂದು ಗೆರೆಯ ಮೇಲೂ ಬೆರಳಿಟ್ಟು, “ಇದು ಯಾಕೆ ತಪ್ಪು?” ಎಂದು ಕೇಳಿದ. ಮೂರಕ್ಕೆ ಉತ್ತರ ಹೇಳಿದೆ. ಉಳಿದ ನಾಲ್ಕಕ್ಕೆ “ಇಂಗ್ಲಿಷಿನಲ್ಲಿ ಹಾಗೆಯೇ” ಎಂದೆ. ಆ ಉತ್ತರ ನನಗೇ ಸಮಾಧಾನ ಕೊಟ್ಟಿಲ್ಲ. ಈ ತಪ್ಪುಗಳು ಅವನೊಬ್ಬನವಲ್ಲ, ಮೂವತ್ತು ವರ್ಷ ಕಚೇರಿಯಲ್ಲಿ ದುಡಿದ ನಮ್ಮವರ ಪತ್ರಗಳಲ್ಲೂ ಇವೇ ಇರುತ್ತವೆ. ಬಲ್ಲವರು ಕಾರಣ ಹೇಳಿದರೆ ಮುಂದಿನ ವಾರ ಅವನ ಮುಂದೆ ಕೂರುತ್ತೇನೆ.

ಮಾಟುಂಗಾದ ನಿವೃತ್ತ ಶಿಕ್ಷಕಿ

ಆ ಹುಡುಗನ ಪ್ರಶ್ನೆಗೆ ಉತ್ತರ ಇಂಗ್ಲಿಷಿನಲ್ಲಿಲ್ಲ, ಅವನ ಕನ್ನಡದಲ್ಲಿದೆ. ನಾನು ಪಾಲಿಕೆಯ ಕನ್ನಡ ಶಾಲೆಯಲ್ಲಿಯೂ ರಾತ್ರಿ ಶಾಲೆಯಲ್ಲಿಯೂ ಪಾಠ ಮಾಡಿದವಳು. ದಡ್ಡತನದಿಂದ ಹುಟ್ಟಿದ ತಪ್ಪು ಬಲು ಕಡಿಮೆ. ಹೆಚ್ಚಿನವು ತಾಯಿನುಡಿಯ ಅಚ್ಚಿನಲ್ಲಿ ಎರಕ ಹೊಯ್ದವು. ಅಚ್ಚನ್ನು ತೋರಿಸಿದರೆ ಮಗು ತಪ್ಪನ್ನು ತಾನೇ ಹಿಡಿಯುತ್ತದೆ.

ಮೊದಲ ವಾಕ್ಯ ನೋಡಿ. “ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.” ನಮ್ಮ ‘ಇಂದ’ ಎರಡು ಕೆಲಸ ಮಾಡುತ್ತದೆ: “2019ರಿಂದ” ಎಂದರೂ ಅದೇ, “ನಾಲ್ಕು ವರ್ಷದಿಂದ” ಎಂದರೂ ಅದೇ. ಮರಾಠಿಯ ‘ಪಾಸೂನ್’ ಕೂಡ ಹೀಗೆಯೇ, ಆದುದರಿಂದ ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಎರಡೂ ಕಡೆಯಿಂದ ಅದೇ ಪಾಠ. ಇಂಗ್ಲಿಷ್ ಈ ಎರಡನ್ನು ಬೇರೆ ಮಾಡುತ್ತದೆ. ‘ಸಿನ್ಸ್’ ಎಂಬ ಪದ ಹಳೆಯ ಇಂಗ್ಲಿಷಿನಲ್ಲಿ ‘ಅದಾದ ಮೇಲೆ’ ಎಂಬ ಅರ್ಥದ ಪದದಿಂದ ಬಂದದ್ದು. ‘ಅದಾದ ಮೇಲೆ’ ಎನ್ನಬೇಕಾದರೆ ‘ಅದು’ ಎಂಬ ಒಂದು ಗುರುತು ಬೇಕಲ್ಲವೇ? ಒಂದು ಇಸವಿ, ಒಂದು ದಿನ, ಒಂದು ಘಟನೆ. ನಾಲ್ಕು ವರ್ಷ ಎಂಬುದು ಗುರುತಲ್ಲ, ಉದ್ದ. ಉದ್ದಕ್ಕೆ ‘ಫಾರ್’. ನಾನು ಕಪ್ಪುಹಲಗೆಯ ಮೇಲೆ ಒಂದು ಗೂಟ, ಅದಕ್ಕೆ ಕಟ್ಟಿದ ಒಂದು ಹಗ್ಗ ಬರೆಯುತ್ತಿದ್ದೆ. ಗೂಟಕ್ಕೆ ಸಿನ್ಸ್, ಹಗ್ಗಕ್ಕೆ ಫಾರ್. ಅಷ್ಟು ಸಾಕಾಗುತ್ತಿತ್ತು.

ಇನ್ನು ಕ್ರಿಯಾಪದ. ಕನ್ನಡದಲ್ಲಿ ನಾಲ್ಕು ವರ್ಷದ ಕೆಲಸವೂ “ಮಾಡುತ್ತಿದ್ದೇನೆ”, ಈ ಗಳಿಗೆಯ ಕೆಲಸವೂ “ಮಾಡುತ್ತಿದ್ದೇನೆ”. ಹಿಂದೆ ಆರಂಭವಾಗಿ ಇಂದಿಗೂ ಮುಗಿಯದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಪ್ರತ್ಯೇಕ ರೂಪವಿದೆ: “ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ದಿಸ್ ಹೋಟೆಲ್ ಫಾರ್ ಫೋರ್ ಇಯರ್ಸ್.”

ಎರಡನೆಯದು, “ಐ ಆ್ಯಮ್ ಹ್ಯಾವಿಂಗ್.” ಕನ್ನಡದಲ್ಲಿ ‘ಹ್ಯಾವ್’ಗೆ ನೇರವಾದ ಕ್ರಿಯಾಪದವೇ ಇಲ್ಲ. “ನನಗೆ ಇಬ್ಬರು ತಮ್ಮಂದಿರು ಇದ್ದಾರೆ”, “ನನಗೆ ಅನುಭವ ಇದೆ” ಎನ್ನುತ್ತೇವೆ. ‘ನನಗೆ’ ಎಂಬ ಚತುರ್ಥಿ, ಮುಂದೆ ‘ಇರು’. ಇಂಗ್ಲಿಷಿನಲ್ಲಿ ಇರುವಿಕೆ, ತಿಳಿವಳಿಕೆ, ಇಷ್ಟ, ನಂಬಿಕೆ ಇವು ನಡೆಯುತ್ತಿರುವ ಕೆಲಸಗಳಲ್ಲ, ಸ್ಥಿತಿಗಳು. ಅವುಗಳಿಗೆ ಸಾಮಾನ್ಯವಾಗಿ ‘ಇಂಗ್’ ಸೇರದು. “ಐ ಹ್ಯಾವ್ ಎಕ್ಸ್‌ಪೀರಿಯನ್ಸ್”, “ಐ ನೋ ಹಿಮ್”, “ಐ ಅಂಡರ್‌ಸ್ಟ್ಯಾಂಡ್”. ಆದರೆ “ಐ ಆ್ಯಮ್ ಹ್ಯಾವಿಂಗ್ ಲಂಚ್” ಸರಿ, ಏಕೆಂದರೆ ಅಲ್ಲಿ ‘ಹ್ಯಾವ್’ ಎಂದರೆ ಉಣ್ಣುವುದು. ಹ್ಯಾವಿಂಗ್ ಎಂದು ಕಂಡೊಡನೆ ಹೊಡೆದುಹಾಕುವ ಮೇಷ್ಟರುಗಳಿದ್ದಾರೆ, ಅದು ಅನ್ಯಾಯ.

ಪುಣೆಯ ತಾಂತ್ರಿಕ ಬರಹಗಾರ

ಹಿಂಜವಡಿಯ ಕಚೇರಿಯೊಂದರಲ್ಲಿ ದಿನವಿಡೀ ಬೇರೆಯವರ ಇಂಗ್ಲಿಷನ್ನು ತಿದ್ದುವುದೇ ನನ್ನ ಕೆಲಸ. ಶಿಕ್ಷಕಿಯವರು ಕಾರಣ ಹೇಳಿದರು, ನಾನು ಕಣ್ಣಿಗೆ ಬೀಳಿಸುವ ಉಪಾಯ ಹೇಳುತ್ತೇನೆ. ತಾನೇ ಬರೆದುದನ್ನು ತಾನೇ ಓದುವಾಗ ಕಣ್ಣು ಮೋಸ ಮಾಡುತ್ತದೆ; ಬರೆದುದನ್ನಲ್ಲ, ಬರೆಯಬೇಕೆಂದಿದ್ದುದನ್ನು ಓದುತ್ತದೆ. ಆದುದರಿಂದ ನಾನು ಕೊನೆಯ ವಾಕ್ಯದಿಂದ ಮೊದಲ ವಾಕ್ಯದ ಕಡೆಗೆ ಒಂದೊಂದೇ ವಾಕ್ಯವನ್ನು ಓದುತ್ತೇನೆ. ಕಥೆಯ ಎಳೆ ಕಡಿದುಹೋಗುವುದರಿಂದ ವಾಕ್ಯ ಮಾತ್ರ ಉಳಿಯುತ್ತದೆ. ಒಂದು ಸುತ್ತಿನಲ್ಲಿ ಒಂದೇ ಬಗೆಯ ತಪ್ಪು ಹುಡುಕುತ್ತೇನೆ: ಮೊದಲ ಸುತ್ತು ಕ್ರಿಯಾಪದಕ್ಕೆ, ಎರಡನೆಯದು ‘ಎ’, ‘ದ’ಗಳಿಗೆ, ಮೂರನೆಯದು ಅಲ್ಪವಿರಾಮಕ್ಕೆ.

ನಾಲ್ಕನೆಯ ವಾಕ್ಯದಂತಹ ತಪ್ಪಿಗೆ ಬೆರಳೇ ಸಾಕು. “ದ ಲಿಸ್ಟ್ ಆಫ್ ಪೆಂಡಿಂಗ್ ಬಿಲ್ಸ್ ಫ್ರಮ್ ಆಲ್ ಬ್ರಾಂಚಸ್ ಆರ್ ಅಟ್ಯಾಚ್ಡ್” ಎಂದು ನಿನ್ನೆ ತಾನೇ ನನ್ನ ಮೇಜಿಗೆ ಬಂತು. ‘ಆಫ್’ನಿಂದ ‘ಬ್ರಾಂಚಸ್’ವರೆಗೆ ಬೆರಳಿಂದ ಮುಚ್ಚಿ. “ದ ಲಿಸ್ಟ್ ಆರ್ ಅಟ್ಯಾಚ್ಡ್” ಉಳಿಯುತ್ತದೆ. ಯಾರಿಗಾದರೂ ಕಿವಿಗೆ ಚುಚ್ಚುತ್ತದೆ. ಲಗತ್ತಿಸಿದ್ದು ಪಟ್ಟಿಯನ್ನು, ಪಟ್ಟಿ ಒಂದೇ, ಆದುದರಿಂದ ‘ಈಸ್’. ಬಹುವಚನದ ‘ಬ್ರಾಂಚಸ್’ ಕ್ರಿಯಾಪದದ ಪಕ್ಕದಲ್ಲೇ ಕುಳಿತು ಬರೆಯುವವನ ಕಿವಿಯನ್ನು ಎಳೆದಿರುತ್ತದೆ, ಅಷ್ಟೇ.

ಮೊಬೈಲಿನ ಕಾಗುಣಿತ ಪರೀಕ್ಷಕವನ್ನೇ ನಂಬಿ ಕೂರಬೇಡಿ. ‘ಫ್ರಮ್’ ಬರೆಯಲು ಹೋಗಿ ಅಕ್ಷರ ಹಿಂದುಮುಂದಾಗಿ ‘ಫಾರ್ಮ್’ ಆದರೆ ಅದೂ ನಿಜವಾದ ಪದವೇ. ಗೆರೆ ಬಾರದೆ ದಾಟಿಹೋಗಬಹುದು.

ವಾಸ್ಕೊ, ಗೋವಾ

ನನಗೆ ಒಂದು ಆಕ್ಷೇಪವಿದೆ. ಇಲ್ಲಿ ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಮನೆಗಳ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ ಮತ್ತು ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ನಾಲ್ಕು ನುಡಿಗಳ ನಡುವೆ ಬೆಳೆಯುತ್ತಾರೆ. ಪ್ರತಿ ವಾಕ್ಯಕ್ಕೂ ಕನ್ನಡದ ಅಚ್ಚು ತೋರಿಸುತ್ತ ಹೋದರೆ ಅವರು ಅನುವಾದ ಮಾಡುತ್ತಲೇ ಉಳಿಯುವುದಿಲ್ಲವೇ? ಇಂಗ್ಲಿಷನ್ನು ಕೇಳಿ, ಓದಿ, ಕಿವಿಯಲ್ಲಿ ಕೂರಿಸಿಕೊಳ್ಳಬೇಕು.

ಮತ್ತೊಂದು ಮಾತು. ನಾವು ಆಡುವುದೆಲ್ಲ ತಪ್ಪೇ? ಸಭೆಯನ್ನು ಹಿಂದಿನ ದಿನಕ್ಕೆ ತಂದರೆ ‘ಪ್ರಿಪೋನ್’ ಎನ್ನುತ್ತೇವೆ. ಆ ಪದ ಇಂಗ್ಲಿಷ್ ನಿಘಂಟುಗಳಿಗೂ ಸೇರಿದೆ. ‘ಡು ದ ನೀಡ್‌ಫುಲ್’ ಎಂಬುದನ್ನು ಭಾರತೀಯರ ತಪ್ಪೆಂದು ನಗುತ್ತಾರೆ, ಅದು ಬ್ರಿಟಿಷರೇ ತಮ್ಮ ವ್ಯವಹಾರದ ಪತ್ರಗಳಲ್ಲಿ ಬರೆಯುತ್ತಿದ್ದ ಮಾತು. ಅವರು ಬಿಟ್ಟರು, ನಾವು ಉಳಿಸಿಕೊಂಡೆವು. ಇಂತಹವನ್ನು ತಪ್ಪಿನ ಪಟ್ಟಿಗೆ ಸೇರಿಸಿ ಹುಡುಗರನ್ನು ಕುಗ್ಗಿಸಬೇಡಿ.

ಮಾಟುಂಗಾದ ನಿವೃತ್ತ ಶಿಕ್ಷಕಿ

ವಾಸ್ಕೊದವರ ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅರ್ಥ ಕೆಡದೆ, ಕೇಳುವವರಿಗೂ ತಿಳಿದಿರುವ ನುಡಿಗಟ್ಟು ತಪ್ಪಲ್ಲ. ಆದರೆ ಓದುವವನು ಯಾರು ಎಂದು ನೋಡಿಕೊಳ್ಳಬೇಕು. “ಐ ಪಾಸ್ಡ್ ಔಟ್ ಇನ್ 2015” ಎಂದು ನಮ್ಮ ಹುಡುಗಿ ಹೊರದೇಶದ ಕಂಪನಿಗೆ ಬರೆದರೆ, ಅಲ್ಲಿಯವರು ಆ ವರ್ಷ ಮೂರ್ಛೆ ಹೋದಳು ಎಂದು ಓದುತ್ತಾರೆ.

ಮೊದಲ ಮಾತಿಗೆ ನನ್ನ ಉತ್ತರ ಬೇರೆ. ಕನ್ನಡವನ್ನು ಎದುರಿಗಿಟ್ಟರೂ ಇಡದಿದ್ದರೂ ಅದು ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಎದುರಿಗಿಟ್ಟರೆ ಕಾಣುತ್ತದೆ. ಕೆಲವೊಮ್ಮೆ ಅದು ತಪ್ಪಿಗೆ ಕಾರಣವಲ್ಲ, ತಪ್ಪಿಗೆ ಮದ್ದು. ಆ ಹುಡುಗನ ಮೂರನೆಯ ವಾಕ್ಯವನ್ನೇ ತೆಗೆದುಕೊಳ್ಳಿ: “ಡಿಡ್ ನಾಟ್ ಟುಕ್.” ಭೂತಕಾಲವನ್ನು ಎರಡು ಸಲ ಹಾಕಿದ್ದಾನೆ. ಕನ್ನಡದಲ್ಲಿ ಅವನು ಏನು ಹೇಳುತ್ತಾನೆ? “ರಜೆ ತೆಗೆದುಕೊಂಡೆನಿಲ್ಲ” ಎನ್ನುತ್ತಾನೆಯೇ? ಇಲ್ಲ. “ತೆಗೆದುಕೊಳ್ಳಲಿಲ್ಲ” ಎನ್ನುತ್ತಾನೆ. ‘ಕೊಂಡೆ’ ಎಂಬ ಭೂತಕಾಲದ ರೂಪ ಕಳಚಿ ‘ಕೊಳ್ಳಲ್’ ಎಂಬ ಕಾಲವಿಲ್ಲದ ರೂಪ ಬಂತು, ನಿಷೇಧದ ಭಾರವನ್ನೆಲ್ಲ ‘ಇಲ್ಲ’ ಹೊತ್ತಿತು. ಹೋದೆ, ಹೋಗಲಿಲ್ಲ. ಬಂದೆ, ಬರಲಿಲ್ಲ. ಇಂಗ್ಲಿಷಿನಲ್ಲಿಯೂ ಹಾಗೆಯೇ: ‘ಡಿಡ್ ನಾಟ್’ ಕಾಲವನ್ನೂ ನಿಷೇಧವನ್ನೂ ಹೊತ್ತುಕೊಂಡ ಮೇಲೆ ಕ್ರಿಯಾಪದ ಬರಿಮೈಯಲ್ಲಿ ನಿಲ್ಲಬೇಕು. ಡಿಡ್ ನಾಟ್ ಟೇಕ್. ಡಿಡ್ ನಾಟ್ ಗೋ. ಇದನ್ನು ರಾತ್ರಿ ಶಾಲೆಯಲ್ಲಿ ಒಮ್ಮೆ ಹೇಳಿದಾಗ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಒಬ್ಬ ಹುಡುಗ ತಲೆಯೆತ್ತಿ “ತಿನ್ನಲಿಲ್ಲ, ಡಿಡ್ ನಾಟ್ ಈಟ್, ಕುಡಿಯಲಿಲ್ಲ, ಡಿಡ್ ನಾಟ್ ಡ್ರಿಂಕ್” ಎಂದು ತಾನಾಗಿ ಜೋಡಿಸುತ್ತ ಹೋದ. ಆಮೇಲೆ ಅವನ ಪುಸ್ತಕದಲ್ಲಿ ಆ ತಪ್ಪು ನನಗೆ ಸಿಗಲಿಲ್ಲ.

ನಾಲ್ಕನೆಯದೂ ಹಾಗೆಯೇ. “ನನ್ನ ಗೆಳೆಯರಲ್ಲಿ ಒಬ್ಬ ಕೆಲಸ ಮಾಡುತ್ತಾನೆ.” ‘ಗೆಳೆಯರು’ ಬಹುವಚನ, ‘ಮಾಡುತ್ತಾನೆ’ ಏಕವಚನ. ಯಾವ ಕನ್ನಡಿಗನೂ “ಗೆಳೆಯನಲ್ಲಿ ಒಬ್ಬ ಮಾಡುತ್ತಾರೆ” ಎನ್ನುವುದಿಲ್ಲ. ಅದೇ ಲೆಕ್ಕದಲ್ಲಿ “ಒನ್ ಆಫ್ ಮೈ ಫ್ರೆಂಡ್ಸ್ ಈಸ್ ವರ್ಕಿಂಗ್.” ಆದರೆ ವಸ್ತುಗಳ ವಿಷಯಕ್ಕೆ ಬಂದರೆ ಕನ್ನಡ ಕೈಕೊಡುತ್ತದೆ: ಹತ್ತು ಇಡ್ಲಿ, ಐದು ಮೇಜು. ಸಂಖ್ಯೆಯೇ ಬಹುವಚನ ಹೇಳಿದ ಮೇಲೆ ‘ಗಳು’ ನಮಗೆ ಬೇಕಿಲ್ಲ. ಇಂಗ್ಲಿಷಿಗೆ ಬೇಕು. ‘ಫೈವ್ ಟೇಬಲ್’ ಬರುವುದು ಇಲ್ಲಿಂದ. ಅತ್ತ ‘ಫರ್ನಿಚರ್ಸ್’, ‘ಲಗೇಜಸ್’, ‘ಅಡ್ವೈಸಸ್’ ಎಂದು ಬೇಡದ ಕಡೆ ‘ಎಸ್’ ಸೇರಿಸುವುದೂ ಉಂಟು. ಅವನ್ನು ಒಂದು, ಎರಡು ಎಂದು ಎಣಿಸುವ ಪದಗಳಾಗಿ ಇಂಗ್ಲಿಷ್ ಕಾಣುವುದಿಲ್ಲ. ನಾವು ಅಕ್ಕಿಯನ್ನು, ನೀರನ್ನು ಕಂಡ ಹಾಗೆ ಕಾಣುತ್ತದೆ.

ಠಾಣೆಯಿಂದ

ಅರ್ಜಿಯಲ್ಲಿಲ್ಲದ, ಆದರೆ ನನಗೆ ಬಲು ಪೆಟ್ಟು ಕೊಟ್ಟ ತಪ್ಪೊಂದನ್ನು ಸೇರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಬ್ಯಾಂಕಿನ ಫೋನಿನಲ್ಲಿ, “ಡಿಡಂಟ್ ಯೂ ರಿಸೀವ್ ದ ಕಾರ್ಡ್?” ಎಂದು ಕೇಳಿದರು. ನಾನು “ಯೆಸ್” ಎಂದೆ. “ಹೌದು, ಬಂದಿಲ್ಲ” ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಅವರು ಕಾರ್ಡ್ ತಲುಪಿದೆ ಎಂದು ಬರೆದುಕೊಂಡು ದೂರನ್ನು ಮುಚ್ಚಿದರು. ಎರಡು ವಾರ ಓಡಾಡಿದೆ.

ನಾವು ಕೇಳಿದವರ ಮಾತನ್ನು ಒಪ್ಪುತ್ತ ‘ಹೌದು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಇರಲಿ, ಬಂದಿದ್ದರೆ ‘ಯೆಸ್, ಐ ಡಿಡ್’, ಬಾರದಿದ್ದರೆ ‘ನೋ, ಐ ಡಿಡಂಟ್’. ಇಂದಿಗೂ ನಾನು ಒಂಟಿ ಯೆಸ್, ಒಂಟಿ ನೋ ಹೇಳುವುದಿಲ್ಲ, ಬಾಲವನ್ನು ಸೇರಿಸಿಯೇ ಹೇಳುತ್ತೇನೆ.

ಡೊಂಬಿವಲಿ ನಿವಾಸಿ

ಎಲ್ಲರಿಗೂ ಕೃತಜ್ಞತೆ. ‘ಹೋಗಲಿಲ್ಲ’ದ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅರವತ್ತು ವರ್ಷ ಆಡಿದ ಮಾತು, ಒಂದು ದಿನವೂ ಬಿಡಿಸಿ ನೋಡಿರಲಿಲ್ಲ.

ನಾನು ಹುಡುಗರಿಗೆ ಹೇಳಿಕೊಟ್ಟ ಇನ್ನೊಂದು ನಿಯಮವಿದೆ, ಸರಿಯೇ ನೋಡಿ: ‘ಬಿಕಾಸ್’ನಿಂದ ವಾಕ್ಯ ಆರಂಭಿಸಲೇಬಾರದು.

ಪುಣೆಯ ತಾಂತ್ರಿಕ ಬರಹಗಾರ

ಅದು ನಿಯಮವಲ್ಲ, ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. “ಬಿಕಾಸ್ ದ ಟ್ರೇನ್ ವಾಸ್ ಲೇಟ್, ಐ ಮಿಸ್ಡ್ ದ ಮೀಟಿಂಗ್” ನಿರ್ದುಷ್ಟವಾದ ವಾಕ್ಯ. ತಪ್ಪಾಗುವುದು “ಐ ಮಿಸ್ಡ್ ದ ಮೀಟಿಂಗ್. ಬಿಕಾಸ್ ದ ಟ್ರೇನ್ ವಾಸ್ ಲೇಟ್.” ಎಂದು ಕಡಿದಿಟ್ಟಾಗ. ಕನ್ನಡದಲ್ಲಿ “ಸಭೆ ತಪ್ಪಿತು. ಏಕೆಂದರೆ ರೈಲು ತಡವಾಗಿತ್ತು.” ಎಂದು ಎರಡು ವಾಕ್ಯ ಮಾಡಬಹುದು, ‘ಏಕೆಂದರೆ’ ತನ್ನ ಕಾಲ ಮೇಲೆ ನಿಲ್ಲುತ್ತದೆ. ‘ಬಿಕಾಸ್’ಗೆ ಆಸರೆ ಬೇಕು. ಔಪಚಾರಿಕ ಬರಹದಲ್ಲಿ ಅದನ್ನು ಮುಖ್ಯ ವಾಕ್ಯಕ್ಕೆ ಕಟ್ಟಿಯೇ ಇಡಬೇಕು. ಇದರ ತಿರುವುಮುರುವು ತಪ್ಪು, “ದ ಟ್ರೇನ್ ವಾಸ್ ಲೇಟ್, ಐ ಮಿಸ್ಡ್ ದ ಮೀಟಿಂಗ್”: ಎರಡು ಪೂರ್ಣ ವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಹೊಲಿಯುವುದು. ನಡುವೆ ‘ಸೋ’ ಹಾಕಿ, ಇಲ್ಲವೇ ಪೂರ್ಣವಿರಾಮ ಇಡಿ. ‘ಆಲ್‌ದೋ’ ಹಾಕಿದ ಮೇಲೆ ಮತ್ತೆ ‘ಬಟ್’ ಹಾಕುವುದೂ ಬೇಡ, ಎರಡರಲ್ಲಿ ಒಂದು ಸಾಕು.

ಮಾಟುಂಗಾದ ನಿವೃತ್ತ ಶಿಕ್ಷಕಿ

ಉಳಿದ ಮೂರು ವಾಕ್ಯಗಳಿಗೆ ಬರುತ್ತೇನೆ. ಐದನೆಯದು ನನ್ನ ಮೆಚ್ಚಿನ ಪಾಠ, ಏಕೆಂದರೆ ಅದರ ಗುಟ್ಟು ‘ಎಂದು’ ಎಂಬ ಪುಟ್ಟ ಪದದಲ್ಲಿದೆ. “ಸಂಬಳ ಎಷ್ಟು ಎಂದು ಕೇಳು.” ಕನ್ನಡ ಒಬ್ಬರ ಮಾತನ್ನು ಇದ್ದ ಹಾಗೆಯೇ ಎತ್ತಿ ತಂದು, ಹಿಂದೆ ‘ಎಂದು’ ಹಚ್ಚಿಬಿಡುತ್ತದೆ. ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಹೋದರೆ ಪ್ರಶ್ನೆಯ ಪದಕ್ರಮ ಕಳೆದುಕೊಳ್ಳಬೇಕು: “ವಾಟ್ ಈಸ್ ದ ಸ್ಯಾಲರಿ?” ಹೊರಗೆ, “ಆಸ್ಕ್ ವಾಟ್ ದ ಸ್ಯಾಲರಿ ಈಸ್” ಒಳಗೆ. “ಐ ಡೋಂಟ್ ನೋ ವೇರ್ ಈಸ್ ಹಿ” ತಪ್ಪು, “ವೇರ್ ಹಿ ಈಸ್” ಸರಿ.

ಇದೇ ‘ಎಂದು’ ಇನ್ನೂ ದೊಡ್ಡ ಎಡವಟ್ಟಿಗೆ ಕಾರಣ. “ಅವನು ನಾಳೆ ಬರುತ್ತೇನೆ ಎಂದ.” ಬರುವವನು ಯಾರು? ಅವನು. ಇದನ್ನೇ “ಹಿ ಸೆಡ್ ದ್ಯಾಟ್ ಐ ವಿಲ್ ಕಮ್ ಟುಮಾರೊ” ಎಂದು ಬರೆದರೆ ಬರುವವಳು ನಾನಾಗುತ್ತೇನೆ! ಕಚೇರಿಯ ಪತ್ರದಲ್ಲಿ ಇಂತಹ ತಪ್ಪನ್ನು ಯಾವ ಯಂತ್ರವೂ ಗುರುತಿಸದಿರಬಹುದು, ವ್ಯಾಕರಣದ ಪ್ರಕಾರ ವಾಕ್ಯ ಸರಿಯಾಗಿಯೇ ಇದೆ. ‘ಎಂದು’ ಇರುವ ಕನ್ನಡ ವಾಕ್ಯ ಮನಸ್ಸಿಗೆ ಬಂದೊಡನೆ ನಿಂತು, ಆ ‘ನಾನು’ ಯಾರು ಎಂದು ಕೇಳಿಕೊಳ್ಳಲು ಮಕ್ಕಳಿಗೆ ಕಲಿಸಿ.

ಆರನೆಯದರಲ್ಲಿ ರಾತ್ರಿ ಪಾಳಿ ಮಾಡಿದ್ದು ಯಾರು? ವಾಕ್ಯದ ಪ್ರಕಾರ ‘ಮೈ ಸ್ಟಡೀಸ್’. ‘ವರ್ಕಿಂಗ್’ ಎಂದು ಆರಂಭಿಸಿದರೆ ಅಲ್ಪವಿರಾಮದ ಆಚೆ ಮೊದಲು ನಿಲ್ಲುವವನೇ ಕೆಲಸ ಮಾಡಿದವನಾಗಬೇಕು. ಶಾಲೆಯಲ್ಲಿ ಕೃದಂತಾವ್ಯಯ ಓದಿದ್ದು ನೆನಪಿದೆಯೇ? ಮಾಡಿ, ಮಾಡುತ್ತ, ಮಾಡಲು. “ರಾತ್ರಿ ಪಾಳಿಯಲ್ಲಿ ದುಡಿಯುತ್ತ ಓದು ಮುಗಿಸಿದೆ” ಎಂದರೆ ಗಟ್ಟಿ, ದುಡಿದವನೂ ಮುಗಿಸಿದವನೂ ಒಬ್ಬನೇ. “ದುಡಿಯುತ್ತ ಓದು ಮುಗಿಯಿತು” ಎಂದರೆ ಕನ್ನಡದಲ್ಲಿಯೂ ಸಡಿಲ. ಹಾಗಾಗಿ “ವರ್ಕಿಂಗ್ ನೈಟ್ ಶಿಫ್ಟ್ಸ್, ಐ ಆಲ್ಸೋ ಕಂಪ್ಲೀಟೆಡ್ ಮೈ ಸ್ಟಡೀಸ್.” ಆದರೆ ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಉದಾರಿ ಎಂಬುದನ್ನೂ ಹೇಳಿ. “ಮಳೆ ಬಂದು ಲೋಕಲ್ ರೈಲು ನಿಂತಿತು”: ಬಂದದ್ದು ಮಳೆ, ನಿಂತದ್ದು ರೈಲು, ಆದರೂ ವಾಕ್ಯ ಸರಿ, ಏಕೆಂದರೆ ಒಂದು ಇನ್ನೊಂದಕ್ಕೆ ಕಾರಣ. ಈ ಉದಾರತೆಯನ್ನು ಇಂಗ್ಲಿಷಿಗೆ ಒಯ್ದಾಗಲೇ ಕರ್ತೃ ತಪ್ಪಿಹೋಗುತ್ತದೆ.

ಏಳನೆಯದು ಸುಲಭ. ‘ಡಿಸ್ಕಸ್’ ಸಕರ್ಮಕ, ‘ಬಗ್ಗೆ’ ಅದರ ಹೊಟ್ಟೆಯಲ್ಲೇ ಇದೆ. “ವಿಷಯವನ್ನು ಚರ್ಚಿಸು” ಎಂಬ ದ್ವಿತೀಯಾ ವಿಭಕ್ತಿಯನ್ನು ನೆನೆದರೆ ‘ಅಬೌಟ್’ ಬಿದ್ದುಹೋಗುತ್ತದೆ. “ದಾದರಿಗೆ ತಲುಪಿದೆ” ಎಂಬ ಚತುರ್ಥಿಯಿಂದ ‘ರೀಚ್ಡ್ ಟು ದಾದರ್’ ಹುಟ್ಟುತ್ತದೆ, ಅಲ್ಲಿಯೂ ‘ಟು’ ಬೇಡ.

ವಾಸ್ಕೊ, ಗೋವಾ

ನನ್ನ ಆಕ್ಷೇಪವನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಕ್ಕನ ಮಗಳಿಗೆ ‘ಎಂದು’ ಪಾಠ ಹೇಳಿದೆ, ಹತ್ತು ನಿಮಿಷದಲ್ಲಿ ಹಿಡಿದುಕೊಂಡಳು. ಉಳಿದ ಅರ್ಧವನ್ನು ಬಿಡುವುದಿಲ್ಲ: ಓದದೆ, ಕೇಳದೆ ‘ಎ’, ‘ದ’ ಮಾತ್ರ ಬರುವುದಿಲ್ಲ. ಅದಕ್ಕೆ ಕನ್ನಡದಲ್ಲಿ ಹಿಡಿಯೇ ಇಲ್ಲ.

ಮಾಟುಂಗಾದ ನಿವೃತ್ತ ಶಿಕ್ಷಕಿ

ಓದದೆ ಬಾರದು, ನಿಜ. ಹಿಡಿ ಇಲ್ಲವೆಂಬುದು ನಿಜವಲ್ಲ. “ಪುಸ್ತಕ ಕೊಂಡೆ” ಎಂದರೆ ಯಾವುದೋ ಒಂದು. “ಪುಸ್ತಕವನ್ನು ಕೊಂಡೆ” ಎಂದರೆ, ಹಿಂದೆ ಮಾತಾಡಿಕೊಂಡಿದ್ದ ಆ ಪುಸ್ತಕ ಎಂದು ಕೇಳುವವರಿಗೆ ಅನ್ನಿಸುತ್ತದೆ. ನಿರ್ಜೀವ ವಸ್ತುಗಳಿಗೆ ನಾವು ‘ಅನ್ನು’ ಹಚ್ಚುವ, ಬಿಡುವ ರೀತಿಯಲ್ಲಿ ‘ದ’, ‘ಎ’ಗಳ ನೆರಳಿದೆ. ಎಲ್ಲ ಕಡೆಯೂ ಹೊಂದುವುದಿಲ್ಲ, ಮೊದಲ ಮೆಟ್ಟಿಲಿಗೆ ಸಾಕು.

ಡೊಂಬಿವಲಿ ನಿವಾಸಿ

ನಿನ್ನೆ ಹುಡುಗ ಬಂದಿದ್ದ. ನಾನು ತಿದ್ದಿದ ಕಾಗದವನ್ನು ಪಕ್ಕಕ್ಕಿಟ್ಟು, ಕಾರಣಗಳನ್ನು ಮಾತ್ರ ಹೇಳಿ, ಖಾಲಿ ಹಾಳೆ ಕೊಟ್ಟೆ. ನಲವತ್ತು ನಿಮಿಷ ಕುಳಿತು ಬರೆದ. ಆರು ವಾಕ್ಯ ಸರಿಯಾಗಿವೆ. ‘ಎಕ್ಸ್‌ಪೀರಿಯನ್ಸ್ ಆಫ್ ಕ್ಯಾಶ್ ಕೌಂಟರ್’ ಮಾತ್ರ ಹಾಗೆಯೇ ಇತ್ತು. “ಎಕ್ಸ್‌ಪೀರಿಯನ್ಸ್ ಅಟ್ ದ ಕ್ಯಾಶ್ ಕೌಂಟರ್” ಎಂದು ಬರೆಸಿದೆ. ಕೊನೆಗೆ ಅವನೇ ಒಂದು ವಾಕ್ಯ ಸೇರಿಸಿ ಕೇಳಿದ: ‘ಎ ಹೋಟೆಲ್’ ಬರೆಯಬೇಕೇ, ‘ಆ್ಯನ್ ಹೋಟೆಲ್’ ಬರೆಯಬೇಕೇ? ಹಳೆಯ ಪುಸ್ತಕವೊಂದರಲ್ಲಿ ಎರಡನೆಯದನ್ನು ನೋಡಿದ್ದಾನಂತೆ.

ಮಾಟುಂಗಾದ ನಿವೃತ್ತ ಶಿಕ್ಷಕಿ

ಅವನು ನೋಡಿದ್ದು ಸುಳ್ಳಲ್ಲ. ‘ಹೋಟೆಲ್’ ಫ್ರೆಂಚಿನಿಂದ ಬಂದ ಪದ, ಫ್ರೆಂಚಿನಲ್ಲಿ ಮೊದಲ ‘ಹ’ ಉಚ್ಚಾರವಾಗುವುದಿಲ್ಲ. ಅದನ್ನು ನುಂಗಿ ಓದುತ್ತಿದ್ದ ಕಾಲದ ಇಂಗ್ಲಿಷರು ‘ಆ್ಯನ್ ಹೋಟೆಲ್’ ಬರೆದರು. ಈಗ ‘ಹ’ ಕೇಳಿಸುತ್ತದೆ, ಆದುದರಿಂದ ‘ಎ ಹೋಟೆಲ್’.

ಇಲ್ಲಿ ನಮ್ಮ ಲಿಪಿಯೇ ಗುರು. ಪದವನ್ನು ಕೇಳಿದ ಹಾಗೆ ಕನ್ನಡದಲ್ಲಿ ಬರೆಯಲು ಹೇಳಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ‘ಅವರ್’, ‘ಆನೆಸ್ಟ್’ ಇವು ಸ್ವರ. ‘ಯೂನಿವರ್ಸಿಟಿ’ಯಲ್ಲಿ ‘ಯ’ ಇದೆ, ವ್ಯಂಜನ. ಒಂದೇ ಎಚ್ಚರಿಕೆ: ನಮ್ಮ ನಾಲಿಗೆ ‘ಎ’ಯ ಮುಂದೆ ತಾನಾಗಿ ‘ಯ’ಕಾರ ಎಳೆಯುತ್ತದೆ, ‘ಎಂ.ಎ.’ಯನ್ನು ‘ಯೆಂ.ಎ.’ ಎಂದುಬಿಡುತ್ತೇವೆ. ಆ ‘ಯ’ ನಮ್ಮದು, ಇಂಗ್ಲಿಷಿನದಲ್ಲ; ‘ಆ್ಯನ್ ಎಂ.ಎ.’ ಸರಿ.

ಹುಡುಗನಿಗೆ ಕ್ರಿಕೆಟ್ ಇಷ್ಟವಿದ್ದರೆ ಇದನ್ನೂ ಹೇಳಿ: ‘ಅಂಪೈರ್’ ಮೊದಲು ‘ನಂಪೈರ್’ ಎಂಬಂತೆ ನಕಾರದಿಂದ ಆರಂಭವಾಗುತ್ತಿದ್ದ ಪದ. ‘ಎ ನಂಪೈರ್’ ಎಂಬುದನ್ನು ಜನ ‘ಆ್ಯನ್ ಅಂಪೈರ್’ ಎಂದು ಬಿಡಿಸಿದರು, ನಕಾರ ಅತ್ತ ಹೋಯಿತು. ಸಂಧಿ ಬಿಡಿಸುವಾಗ ಆದ ತಪ್ಪು ಇಂದು ನಿಘಂಟಿನಲ್ಲಿದೆ. ಅರ್ಜಿಯನ್ನು ಯಾವಾಗ ಕಳುಹಿಸುತ್ತಾನೆ?

ಡೊಂಬಿವಲಿ ನಿವಾಸಿ

ಇವತ್ತು ಬೆಳಿಗ್ಗೆ ಕಳುಹಿಸಿದ. ‘ಎ ಹೋಟೆಲ್’ ಎಂದೇ ಬರೆದಿದ್ದಾನೆ.